ಉಬಿಖರ ವ್ಯಂಜನಗಳು

ಕಕಾರಕ್ಕೂ ಖಕಾರಕ್ಕೂ ಇರುವ ಭೇದವೆಲ್ಲ ಉಸಿರಿನದು. ಖಕಾರದೊಡನೆ ಎದೆಯ ಗಾಳಿ ಒಂದಿಷ್ಟು ಹೆಚ್ಚಾಗಿ ಹೊರಬೀಳುತ್ತದೆ. ಆದರೆ ಎದೆಯ ಗಾಳಿಯ ಹಂಗೇ ಇಲ್ಲದ ಕಕಾರವೂ ಲೋಕದಲ್ಲುಂಟು. ಗಂಟಲಿನ ಧ್ವನಿತಂತುಗಳನ್ನು ಬಿಗಿಯಾಗಿ ಮುಚ್ಚಿ ಧ್ವನಿಪೆಟ್ಟಿಗೆಯನ್ನು ತುಸು ಮೇಲಕ್ಕೆತ್ತಿದರೆ, ಅದಕ್ಕೂ ನಾಲಗೆಗೂ ನಡುವೆ ಸಿಕ್ಕಿದ ಗಾಳಿ ಒತ್ತಿಕೊಳ್ಳುತ್ತದೆ. ನಾಲಗೆ ಸಡಿಲಿದೊಡನೆ ಟಕ್ಕನೆ ಸಿಡಿಯುತ್ತದೆ. ಭಾಷಾಶಾಸ್ತ್ರಜ್ಞರು ಇದನ್ನು 'ಇಜೆಕ್ಟಿವ್' ವ್ಯಂಜನವೆನ್ನುತ್ತಾರೆ. ಇಥಿಯೋಪಿಯದ ಅಂಹರಿಕ್, ಅಮೆರಿಕದ ನವಾಹೊ ಮೊದಲಾದ ನುಡಿಗಳಲ್ಲಿ ಇದುಂಟು. ಲೆಕ್ಕ ಹಾಕಿದವರು ಸುಮಾರು ಆರು ಭಾಷೆಗಳಿಗೊಂದರಲ್ಲಿ ಇದನ್ನು ಕಂಡಿದ್ದಾರೆ.

ಎತ್ತರದ ನಾಡುಗಳ ತೆಳುಗಾಳಿಗೂ ಈ ಧ್ವನಿಗೂ ನಂಟಿದೆಯೆಂದು 2013ರಲ್ಲಿ ಕೇಲೆಬ್ ಎವೆರೆಟ್ ಎಂಬ ವಿದ್ವಾಂಸರು ವಾದಿಸಿದರು. ಕಾಕಸಸ್ ಪರ್ವತಗಳನ್ನು ನೋಡಿದರೆ ಹೌದೆನ್ನಿಸೀತು. ಟಿಬೆಟ್ಟಿನ ಕಡೆ ತಿರುಗಿದರೆ ಅನುಮಾನ ಹುಟ್ಟುತ್ತದೆ. ನನಗಂತೂ ಬೆಟ್ಟಕ್ಕಿಂತ ಮನೆಯ ಹಿರಿಯರೇ ದೊಡ್ಡ ಕಾರಣವೆನಿಸುತ್ತದೆ. ಉಬಿಖ್ ಜನರ ಕಥೆಯನ್ನೇ ನೋಡಿ.

ಕಾಕಸಸ್ಸಿನ ತಪ್ಪಲಿಗೆ ಕಪ್ಪು ಸಮುದ್ರ ತಾಗುವಲ್ಲಿ, ಇಂದಿನ ಸೋಚಿ ನಗರದ ಸುತ್ತಮುತ್ತ ಇವರ ನೆಲೆಯಿತ್ತು. ಇವರ ನುಡಿಯಲ್ಲಿ ಸ್ವರಗಳು ಎರಡೇ ಎರಡು, ವ್ಯಂಜನಗಳೋ 84! ಘೋಷ, ಅಘೋಷ, ಇಜೆಕ್ಟಿವ್ ಎಂಬ ಮೂರು ಬಗೆ; ಅದರ ಮೇಲೆ ತುಟಿ ದುಂಡಾಗಿಸಿದ್ದೊಂದು, ನಾಲಗೆಯನ್ನು ತಾಲುವಿನತ್ತ ಏರಿಸಿದ್ದೊಂದು ಎಂದು ಒಳಭೇದಗಳು. ಹೊರಗಿನವರ ಕಿವಿಗೆ ಇವೆಲ್ಲ ಒಂದೇ ಎನಿಸಿದರೆ ಅಚ್ಚರಿಯಿಲ್ಲ.

1864ರಲ್ಲಿ ರಷ್ಯದ ಚಕ್ರವರ್ತಿಯ ಸೇನೆ ಆ ಪ್ರದೇಶವನ್ನು ಪೂರ್ಣವಾಗಿ ಗೆದ್ದಿತು. ಉಬಿಖರು ಹೆಚ್ಚುಕಡಿಮೆ ಊರಿಗೆ ಊರೇ ಹಡಗು ಹತ್ತಿ ತುರ್ಕಿಯ ಸುಲ್ತಾನನ ನಾಡನ್ನು ಸೇರಿದರು. ಅಲ್ಲಿ ಚದುರಿಹೋದ ಮೇಲೆ ಮಕ್ಕಳ ಬಾಯಿಗೆ ಚೆರ್ಕೆಸ್ ನುಡಿಯೂ ತುರ್ಕಿಯೂ ಬಂದವು. ಉಬಿಖ್ ಮುದುಕರ ಪಾಲಿಗೆ ಉಳಿಯಿತು. ಇಸ್ತಾಂಬುಲಿನಲ್ಲಿ ಅಧ್ಯಾಪಕರಾಗಿದ್ದ ಫ್ರೆಂಚ್ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ ಈ ಜನರ ಪರಿಚಯ ಮಾಡಿಕೊಂಡು, 1931ರಲ್ಲಿ ಅವರ ನುಡಿಯ ಬಗೆಗೆ ಗ್ರಂಥವನ್ನೇ ಪ್ರಕಟಿಸಿದರು. ನಾರ್ವೆಯ ಹಾನ್ಸ್ ಫೋಗ್ಟ್ 1963ರಲ್ಲಿ ನಿಘಂಟು ಹೊರತಂದರು.

ಇಂಥ ಪಂಡಿತರಿಗೆ ಒದಗಿಬಂದವರು 1904ರಲ್ಲಿ ಹುಟ್ಟಿದ ತೆವ್ಫಿಕ್ ಎಸೆಂಚ್. ಕಾಕಸಸ್ಸಿನಲ್ಲಿ ಹುಟ್ಟಿದವರಲ್ಲ ಅವರು. ತುರ್ಕಿಯ ಮಾನ್ಯಾಸ್ ಸರೋವರದ ಸೀಮೆಯವರು. ಅಜ್ಜ ಅಜ್ಜಿಯರ ಮಡಿಲಲ್ಲಿ ಬೆಳೆದುದರಿಂದ ಅಷ್ಟೂ ವ್ಯಂಜನಗಳು ಅವರಿಗೆ ದಕ್ಕಿದ್ದವು. ವಿದ್ವಾಂಸರು ಕೇಳಿದುದನ್ನೆಲ್ಲ ಬೇಸರಿಸದೆ ಹೇಳಿಕೊಟ್ಟರು, ಧ್ವನಿಮುದ್ರಣಕ್ಕೂ ಒದಗಿದರು. 1975ರಲ್ಲಿ ಹೊರಬಂದ ಉಬಿಖ್ ಕ್ರಿಯಾಪದದ ಗ್ರಂಥದಲ್ಲಿ ದ್ಯುಮೆಜಿಲರ ಹೆಸರಿನೊಡನೆ ಸಹಕರ್ತರಾಗಿ ಅವರ ಹೆಸರೂ ಇದೆ. ಸ್ವಂತ ಮಕ್ಕಳಿಗೆ ಮಾತ್ರ ಆ ನುಡಿ ಬರಲಿಲ್ಲ. 1992ರ ಅಕ್ಟೋಬರ್ 7ರಂದು ಎಸೆಂಚ್ ತೀರಿಕೊಂಡರು. ಅದನ್ನು ಹುಟ್ಟುನುಡಿಯಾಗಿ ಸರಾಗವಾಗಿ ಆಡಬಲ್ಲವರು ಅವರ ಹಿಂದೆ ಯಾರೂ ಉಳಿಯಲಿಲ್ಲ.