ದುಡಿಯುವ ಮಿಸ್ಕೀನರು

ಜುಮಾ ದಿನ ಸೂರಃ ಅಲ್ ಕಹ್ಫ್ ಓದುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಅದರಲ್ಲಿ ಹಝ್ರತ್ ಮೂಸಾ(ಅ) ಮತ್ತು ಖಿಝ್ರ್(ಅ) ಅವರ ಪ್ರಯಾಣದ ಪ್ರಸಂಗ ಬರುತ್ತದೆ. ತಮ್ಮನ್ನು ಹತ್ತಿಸಿಕೊಂಡ ದೋಣಿಯನ್ನೇ ಖಿಝ್ರ್(ಅ) ಊನಗೊಳಿಸುತ್ತಾರೆ. ಕಾರಣ ಕೊನೆಗೆ ತಿಳಿಯುತ್ತದೆ. ಆ ದೋಣಿ ಸಮುದ್ರದಲ್ಲಿ ದುಡಿಯುವ ಮಿಸ್ಕೀನರದ್ದು. ಒಬ್ಬ ಅರಸ ದೋಣಿಗಳನ್ನು ಬಲವಂತವಾಗಿ ಕಸಿದುಕೊಳ್ಳುತ್ತಿದ್ದ. ಊನವಿರುವ ದೋಣಿ ಅವನಿಗೆ ಬೇಡ. ಹಾಗಾಗಿ ಅದು ಬಡವರ ಕೈಯಲ್ಲೇ ಉಳಿಯಿತು.

ಆ ಜನರಿಗೆ ಕೆಲಸವಿತ್ತು, ದೋಣಿಯೂ ಇತ್ತು. ಆದರೂ ಪವಿತ್ರ ಕುರ್‌ಆನ್ ಅವರನ್ನು ಮಿಸ್ಕೀನರೆಂದೇ ಕರೆದಿದೆ. ಹಿಜರಿ 204ರಲ್ಲಿ ಈಜಿಪ್ಟಿನಲ್ಲಿ ವಫಾತಾದ ಇಮಾಂ ಶಾಫಿಈ(ರ) ಇದನ್ನೇ ಆಧಾರವಾಗಿಟ್ಟುಕೊಂಡು, ಆದಾಯವಿದ್ದೂ ಅದು ಸಾಲದವನೇ ಮಿಸ್ಕೀನ್ ಎಂದರು. ಹತ್ತು ಬೇಕಾದಲ್ಲಿ ಏಳೋ ಎಂಟೋ ಸಿಗುವವನು ಎಂಬುದು ಶಾಫಿಈ ಕರ್ಮಶಾಸ್ತ್ರ ಗ್ರಂಥಗಳ ಉದಾಹರಣೆ. ಹನಫೀ ಮದ್‌ಹಬ್‌ನಲ್ಲಿ ಫಕೀರ್, ಮಿಸ್ಕೀನ್ ಪದಗಳ ವಿವರಣೆ ಬೇರೆ. ಆದರೆ ಸೂರಃ ಅತ್ತೌಬಾದ 60ನೇ ಆಯತ್ ಎಣಿಸುವ ಎಂಟು ವರ್ಗಗಳಲ್ಲಿ ಮೊದಲಿನ ಎರಡು ಇವರದ್ದೇ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಹೀಗಿದ್ದೂ ರಮಝಾನಿನಲ್ಲಿ ಝಕಾತ್ ಪಟ್ಟಿ ಮಾಡುವಾಗ ಒಂದು ಮಾತು ಕೇಳಿಬರುತ್ತದೆ: "ಅವರ ಮನೆಯಲ್ಲಿ ದುಡಿಯುವವರಿದ್ದಾರಲ್ಲ?" ಅಷ್ಟಕ್ಕೇ ಆ ಹೆಸರು ಬಿಟ್ಟುಹೋಗುತ್ತದೆ. ದುಡಿಮೆ ಇರುವ ಮನೆಯಲ್ಲಿ ಬಡತನ ಹೇಗೆ ಉಳಿಯುತ್ತದೆ ಎಂದು ತಿಳಿಯಲು ನಮ್ಮ ಕರಾವಳಿಯ ಬೀಡಿಯ ಚರಿತ್ರೆ ನೋಡಿದರೆ ಸಾಕು.

ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಒಲೆ ಉರಿದದ್ದು ಬೀಡಿಯಿಂದ. ಎಲ್ಲ ಸಮುದಾಯಗಳ ಹೆಂಗಸರೂ ಬೀಡಿ ಕಟ್ಟಿದರು. ಮನೆಯ ಹೊಸ್ತಿಲು ದಾಟದೆ ಮಾಡಬಹುದಾದ ಕೆಲಸವಾದ್ದರಿಂದ ನಮ್ಮ ತಾಯಂದಿರಿಗೂ ಅದು ಹೊಂದಿಕೊಂಡಿತು. ಎಲೆ, ಹೊಗೆಸೊಪ್ಪು ಗುತ್ತಿಗೆದಾರನಿಂದ ಬರುತ್ತದೆ. ಕಟ್ಟಿದ ಬೀಡಿ ಅವನಿಗೇ ಹೋಗುತ್ತದೆ. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಅಡುಗೆ, ಮಕ್ಕಳು, ನೀರು ಎಲ್ಲದರ ನಡುವೆ ದಿನಕ್ಕೆ ಸಾವಿರ ಮುಟ್ಟುವುದು ಎಲ್ಲರಿಂದಾಗದು. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಹಣ ಹಾಕಿ ಎಲೆ ತರಬೇಕು. ಚೆನ್ನಾಗಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಮಜೂರಿ ಇಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲೇ ಬೀಡಿ ಇತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು; ಕೆಲಸದ ಹೊತ್ತು, ರಜೆ, ಹೆರಿಗೆ ಸೌಲಭ್ಯ ಅದರಲ್ಲಿದ್ದವು. ಕೇರಳ ಸರಕಾರ ಅದನ್ನು ಜಾರಿಗೊಳಿಸಲು ಹೊರಟಾಗ, 1968ರಲ್ಲಿ ಮಂಗಳೂರಿನ ಬೀಡಿ ಮಾಲಕರು ಕಣ್ಣೂರು ಕಡೆಯ ಕಾರ್ಖಾನೆಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅಲ್ಲಿನ ಕಾರ್ಮಿಕರು ಒಂದೇ ಸೂರಿನಡಿ ಕೂತು ದುಡಿದವರು, ಒಬ್ಬರನ್ನೊಬ್ಬರು ಬಲ್ಲವರು. 1969ರಲ್ಲಿ ಅವರಿಗಾಗಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ನಮ್ಮ ಕಡೆಯ ಹೆಂಗಸರು ಮನೆಮನೆಗಳಲ್ಲಿ ಚದುರಿದ್ದರು. ಮಾಲಕ ಯಾರೆಂಬುದೇ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಣುತ್ತಿದ್ದವನು ಗುತ್ತಿಗೆದಾರ ಮಾತ್ರ.

ಮಾಲಕರು ಕಾಯ್ದೆಯ ವಿರುದ್ಧ ಕೋರ್ಟಿಗೂ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯ ನಿಧಿ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರಿಗೆ ಅದು ಸಲ್ಲದೆಂಬ ತಕರಾರು ಎದ್ದಿತು. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಡುವಾಗ 1985 ಆಗಿತ್ತು. ದುಡಿಯುವವಳು ದುಡಿಯುವವಳೇ ಹೌದು ಎಂದು ಸಾಬೀತಾಗಲು ಇಷ್ಟು ವರ್ಷ! ಬೀಡಿಯ ಮೇಲಿನ ಸೆಸ್‌ನಿಂದ 1976ರ ಕಾಯ್ದೆಯಂತೆ ಕಲ್ಯಾಣ ನಿಧಿ ನಡೆಯುತ್ತಿತ್ತು. ಮಕ್ಕಳ ವಿದ್ಯಾರ್ಥಿ ವೇತನ, ಚಿಕಿತ್ಸೆ, ಮನೆ ಕಟ್ಟಲು ನೆರವು ಬರುತ್ತಿದ್ದುದು ಅದರಿಂದ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸೂ ನಿಂತಿತು.

ಹೊಗೆಸೊಪ್ಪು ಸೇದುವವನಿಗೂ ಕೆಡುಕು, ಅದರ ಹುಡಿ ಉಸಿರಾಡುವವಳಿಗೂ ಕೆಡುಕು. ಬೇರೆ ದಾರಿಯಿದ್ದಿದ್ದರೆ ನಮ್ಮ ತಾಯಂದಿರು ಅದನ್ನು ಮಡಿಲಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಂದು ಅವರ ಮಕ್ಕಳು ಜವಳಿ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಆಟೋದಲ್ಲಿ ದುಡಿಯುತ್ತಿದ್ದಾರೆ. ಮದ್ರಸದ ಉಸ್ತಾದರು, ಮುಅದ್ದಿನರ ಸಂಬಳವನ್ನೂ ಒಮ್ಮೆ ಲೆಕ್ಕ ಹಾಕಿ. ಹತ್ತು ಬೇಕಾದಲ್ಲಿ ಏಳು ಸಿಗುವವರ ಸಾಲು ಉದ್ದವಿದೆ.

ಮನೆಬಾಗಿಲಿಗೆ ಅಲೆದು ತುತ್ತು ಪಡೆಯುವವನಿಗಿಂತ, ಸಾಕಷ್ಟಿಲ್ಲದೆಯೂ ಯಾರನ್ನೂ ಕೇಳದವನು, ನೋಡಿದವರಿಗೆ ಬಡವನೆಂದು ತಿಳಿಯದವನು ನಿಜವಾದ ಮಿಸ್ಕೀನ್ ಎಂಬರ್ಥದಲ್ಲಿ ಪ್ರವಾದಿ(ಸ) ಕಲಿಸಿದ್ದಾರೆ. ಅಂಥವರು ಮಸೀದಿಯ ಗೇಟಿನ ಬಳಿ ಸಿಗುವುದಿಲ್ಲ. ಅವರನ್ನು ಹುಡುಕಿ ಹೋಗಬೇಕು. ಪಟ್ಟಿ ಮಾಡುವಾಗ "ಕೆಲಸ ಇದೆಯೇ" ಎಂದು ಕೇಳಿ ನಿಲ್ಲಿಸಬಾರದು. "ಬರುವುದು ಸಾಲುತ್ತದೆಯೇ" ಎಂದೂ ಕೇಳಬೇಕು. ಕೈಕಸುಬು ಬಲ್ಲವನಿಗೆ ಅದರ ಸಲಕರಣೆ ಕೊಳ್ಳುವಷ್ಟು ಝಕಾತ್ ಕೊಡಬಹುದೆಂದು ಇಮಾಂ ನವವಿ(ರ) ಬರೆದಿದ್ದಾರೆ. ಹೊಲಿಗೆ ಯಂತ್ರವೊಂದು ಹತ್ತು ಅಕ್ಕಿ ಕಿಟ್‌ಗಳಿಗಿಂತ ಹೆಚ್ಚು ದಿನ ಬಾಳುತ್ತದೆ.

ಇನ್ನೊಂದು ಮಾತು ನಮ್ಮಲ್ಲಿನ ಮಾಲಕರಿಗೆ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆ ಬುಖಾರಿಯ ಹದೀಸಿನಲ್ಲಿದೆ. ಕೆಲಸಗಾರನ ಕೂಲಿ ಹಿಡಿದಿಟ್ಟು ರಮಝಾನಿನಲ್ಲಿ ಅವನಿಗೇ ಕಿಟ್ ಕೊಟ್ಟರೆ ಆ ಲೆಕ್ಕ ಮುಗಿಯುವುದಿಲ್ಲ. ಖಿಝ್ರ್(ಅ) ಆ ಬಡವರಿಗೆ ದಾನ ಕೊಡಲಿಲ್ಲ, ಅವರ ದೋಣಿ ಉಳಿಸಿದರು.

ದುಡಿಯುವವರ ಹಕ್ಕನ್ನು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.