ಎಡ್ವರ್ಡ್ ಪಾಯಿಂಟರ್ ಅವರ ಪೂರ್ವಸಿದ್ಧತಾ ರೇಖಾಚಿತ್ರಗಳು: ಪುರಾತನ ಲೋಕದ ಮರುರಚನೆಯ ಬಗೆ

ಈಜಿಪ್ಟ್, ಗ್ರೀಸ್, ರೋಮ್ ಮತ್ತು ಬೈಬಲಿನ ಪ್ರಸಂಗಗಳನ್ನು ಚಿತ್ರಿಸಿದ ವಿಕ್ಟೋರಿಯಾ ಕಾಲದ ಕಲಾವಿದರಲ್ಲಿ ಎಡ್ವರ್ಡ್ ಜಾನ್ ಪಾಯಿಂಟರ್ (1836–1919) ಪ್ರಮುಖರು. ಅವರ ತೈಲಚಿತ್ರಗಳ ಚರ್ಚೆಯಲ್ಲಿ ‘ಪುರಾತತ್ವದ ನಿಖರತೆ’ ಎಂಬ ಮಾತು ಪದೇಪದೇ ಬರುತ್ತದೆ. ಈ ನಿಖರತೆ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಅರಿಯಲು ಅವರ ಪೂರ್ವಸಿದ್ಧತಾ ರೇಖಾಚಿತ್ರಗಳೇ ಮುಖ್ಯ ಆಕರ ಎಂಬುದು ಈ ಲೇಖನದ ವಾದ.

ಪಾಯಿಂಟರ್ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. 1853ರಲ್ಲಿ ರೋಮಿನಲ್ಲಿ ಚಿತ್ರಕಾರ ಫ್ರೆಡರಿಕ್ ಲೇಟನ್ ಅವರನ್ನು ಕಂಡ ಮೇಲೆ ಚಿತ್ರಕಲೆಯತ್ತ ಅವರ ಮನಸ್ಸು ಗಟ್ಟಿಯಾಯಿತು. ಮುಂದೆ ಪ್ಯಾರಿಸ್ಸಿನಲ್ಲಿ ಚಿತ್ರಕಾರ ಶಾರ್ಲ್ ಗ್ಲೇರ್ ಅವರ ಶಿಷ್ಯರಾದರು. ಗ್ಲೇರ್ 1830ರ ದಶಕದಲ್ಲಿ ಈಜಿಪ್ಟನ್ನು ಸುತ್ತಿ ಅಲ್ಲಿನ ಸ್ಮಾರಕಗಳನ್ನೂ ಜನರನ್ನೂ ಚಿತ್ರಿಸಿದವರು. ಮೊದಲು ಬಣ್ಣವಿಲ್ಲದೆ ಆಕೃತಿಯನ್ನು ಗೆರೆಯಲ್ಲಿ ಸಾಧಿಸಬೇಕೆಂಬ ಫ್ರೆಂಚ್ ಶಿಸ್ತು ಪಾಯಿಂಟರ್ ಅವರಿಗೆ ದಕ್ಕಿದ್ದು ಗ್ಲೇರ್ ಅವರ ಬಳಿಯೇ.

1867ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡ ‘ಈಜಿಪ್ಟಿನಲ್ಲಿ ಇಸ್ರಾಯೇಲ್’ ಅವರಿಗೆ ಹೆಸರು ತಂದಿತು. ಬೈಬಲಿನ ವಿಮೋಚನಕಾಂಡದ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಗುಲಾಮರು ಬೃಹತ್ ಸಿಂಹವೊಂದನ್ನು ಎಳೆಯುತ್ತಿದ್ದಾರೆ. ಸಿಂಹದ ಮಾದರಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಫರೋಹ ಮೂರನೆಯ ಅಮೆನ್‌ಹೋಟೆಪನ ಕಾಲದ ಕೆಂಪು ಗ್ರಾನೈಟಿನ ಶಿಲ್ಪ. ಚಿತ್ರವನ್ನು ಕೊಂಡ ಎಂಜಿನಿಯರ್ ಜಾನ್ ಹಾಕ್‌ಶಾ, ಅಷ್ಟು ಭಾರ ಎಳೆಯಲು ಈ ಜನ ಸಾಲದು ಎಂದದ್ದಕ್ಕೆ ಪಾಯಿಂಟರ್ ಇನ್ನಷ್ಟು ಗುಲಾಮರನ್ನು ಸೇರಿಸಿದರೆಂದು ಹೇಳಲಾಗುತ್ತದೆ.

ಆದರೆ ಅದೇ ಚಿತ್ರದಲ್ಲಿ ಗೀಜಾದ ಪಿರಮಿಡ್ಡೂ ಎಡ್‌ಫು ದೇವಾಲಯದ ಮಹಾದ್ವಾರವೂ ಒಟ್ಟಿಗೆ ನಿಂತಿವೆ. ಇವೆರಡರ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಎಡ್‌ಫು ದೇವಾಲಯ ಟಾಲೆಮಿ ಅರಸರ ಕಾಲದ್ದು. ಬಿಡಿ ವಿವರಗಳು ಸತ್ಯ, ಅವುಗಳ ಜೋಡಣೆ ಮಾತ್ರ ಕಲ್ಪನೆ.

ಈ ಜೋಡಣೆ ಒಂದೇ ಚಿತ್ರಕ್ಕೆ ಸೀಮಿತವಲ್ಲ. ಮರದಚ್ಚು ಕೆತ್ತನೆಗಾರರಾದ ಡಾಲ್ಜಿಯಲ್ ಸೋದರರ ಬೈಬಲ್ ಚಿತ್ರಮಾಲೆಗಾಗಿ ಪಾಯಿಂಟರ್ 1860ರ ದಶಕದಲ್ಲಿ ಯೋಸೇಫ, ಮೋಶೆ ಮತ್ತು ಫರೋಹರ ಪ್ರಸಂಗಗಳನ್ನು ಮರದಚ್ಚಿಗೆಂದು ರಚಿಸಿದರು. ಅಲ್ಲಿಯೂ ಬೈಬಲಿನ ಕಥೆಗೆ ಈಜಿಪ್ಟಿನ ವಾಸ್ತುವೂ ಉಡುಪೂ ಒದಗಿವೆ. 1890ರಲ್ಲಿ ಮುಗಿದ ‘ಸೊಲೊಮೋನನನ್ನು ಕಾಣಬಂದ ಶೆಬದ ರಾಣಿ’ ಚಿತ್ರದ ಅರಮನೆಯೂ ಹಲವು ನಾಡುಗಳ ಶೈಲಿಗಳಿಂದ ಕಟ್ಟಿದ್ದೇ.

ಆದರೆ ರೇಖಾಚಿತ್ರಗಳು ಇನ್ನೊಂದು ಬಗೆಯ ನಿಖರತೆಯನ್ನು ತೋರುತ್ತವೆ. ಬಣ್ಣದ ಕಾಗದದ ಮೇಲೆ ಕಪ್ಪು, ಬಿಳಿ ಚಾಕ್‌ಗಳಲ್ಲಿ ಜೀವಂತ ರೂಪದರ್ಶಿಯ ಮೈಕಟ್ಟು, ಬಾಗಿದ ಬೆನ್ನು, ಚಾಚಿದ ತೋಳು, ಬಟ್ಟೆಯ ನೆರಿಗೆ, ಒಂದೊಂದಕ್ಕೂ ಪ್ರತ್ಯೇಕ ಅಭ್ಯಾಸವಿದೆ. 1871ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮೊದಲ ಸ್ಲೇಡ್ ಕಲಾ ಪ್ರಾಧ್ಯಾಪಕರಾದಾಗ ಅವರು ವಿದ್ಯಾರ್ಥಿಗಳಿಗೂ ಜೀವಂತ ಮಾದರಿಯನ್ನು ನೋಡಿ ಬರೆಯುವುದನ್ನೇ ಒತ್ತಿ ಕಲಿಸಿದರು.

ಕೆಲವೆಡೆ ಈ ರೇಖಾಚಿತ್ರಗಳೇ ಉಳಿದ ಸಾಕ್ಷಿ. ಇಂಗ್ಲೆಂಡಿನ ವೋರ್ಟ್ಲಿ ಹಾಲ್ ಎಂಬ ಮಹಲಿಗಾಗಿ 1870ರ ದಶಕದಲ್ಲಿ ಅವರು ಬರೆದ ನಾಲ್ಕು ದೊಡ್ಡ ಚಿತ್ರಗಳ ಪೈಕಿ ಮೂರು ಗ್ರೀಕ್ ಕಥೆಗಳವು: ಪರ್ಸಿಯಸ್, ಅಟಲಾಂಟಾ, ನೌಸಿಕಾ. ಮೂಲ ಚಿತ್ರಗಳು ಇಂದು ಉಳಿದಿಲ್ಲ. ಅವುಗಳಿಗಾಗಿ ಮಾಡಿಕೊಂಡ ಅಭ್ಯಾಸಚಿತ್ರಗಳು ಉಳಿದಿವೆ.

ಆದ್ದರಿಂದ ಈ ಹಾಳೆಗಳನ್ನು ತೈಲಚಿತ್ರದ ಅನುಬಂಧವೆಂದು ಬದಿಗಿಡುವುದು ಸಲ್ಲದು. ಪಾಯಿಂಟರ್ ಪುರಾತನ ಕಾಲವನ್ನು ಮ್ಯೂಸಿಯಮ್ಮಿನಿಂದ ಆಯ್ದುಕೊಂಡರು, ಮನುಷ್ಯನನ್ನು ಮಾತ್ರ ಕಣ್ಣೆದುರಿನ ಬದುಕಿನಿಂದ ಪಡೆದರು. ಅವರ ಕಲೆಯ ಅತ್ಯಂತ ನಂಬಲರ್ಹ ಭಾಗ ಈ ರೇಖೆಗಳಲ್ಲಿದೆ.