ಹೊಸ 7-ಐರನ್‌ನಲ್ಲಿ ಚೆಂಡು 20 ಗಜ ಹೆಚ್ಚು ದೂರ ಹೋಗುತ್ತದೆಯೇ? ಲಾಫ್ಟ್ ಎಂಬ ಕೋನದ ಅಸಲಿ ಲೆಕ್ಕ

"ಹಳೆಯ 7-ಐರನ್‌ನಲ್ಲಿ 140 ಗಜ ಹೊಡೆಯುತ್ತಿದ್ದೆ, ಹೊಸದರಲ್ಲಿ 160 ಗಜ! ಎಲ್ಲ ಹೊಸ ತಂತ್ರಜ್ಞಾನದ ಪವಾಡ." ಈ ಅರ್ಥದ ಸಂದೇಶ, ಜೊತೆಗೊಂದು ಚಿಕ್ಕ ವಿಡಿಯೊ, ಗಾಲ್ಫ್ ಆಡುವವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಓದುಗರೊಬ್ಬರು ಅದನ್ನು ನಮಗೆ ಕಳುಹಿಸಿ, "ಸೆಟ್‌ನ ಬೆಲೆ ಲಕ್ಷ ದಾಟುತ್ತದೆ, ನಿವೃತ್ತಿಯ ದುಡ್ಡು. ತೆಗೆದುಕೊಳ್ಳಲೇ?" ಎಂದು ಕೇಳಿದ್ದರು.

ಮೊದಲೇ ಹೇಳಿಬಿಡುತ್ತೇವೆ: 20 ಗಜ ಹೆಚ್ಚು ಹೋಗುವುದು ಬಹುಮಟ್ಟಿಗೆ ನಿಜ. ಅದಕ್ಕೆ ಕೊಡುವ ಕಾರಣ ಬಹುಮಟ್ಟಿಗೆ ತಪ್ಪು. ಇನ್ನೊಂದು ಮುಖ್ಯ ಸಂಗತಿಯ ಬಗ್ಗೆ ಸಂದೇಶದಲ್ಲಿ ಮಾತೇ ಇಲ್ಲ. ದೂರ ಹೋದ ಚೆಂಡು ಗ್ರೀನ್ ಮೇಲೆ ನಿಲ್ಲುತ್ತದೆಯೇ?

ಲಾಫ್ಟ್ ಎಂದರೇನು?

ಗಾಲ್ಫ್ ಕ್ಲಬ್‌ನ ಮುಖ ಗೋಡೆಯಂತೆ ನೇರವಾಗಿ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಆ ವಾಲಿಕೆಯ ಕೋನವೇ ಲಾಫ್ಟ್. 3-ಐರನ್‌ಗೆ ಸುಮಾರು 20 ಡಿಗ್ರಿ ಇದ್ದರೆ, ಬಂಕರ್‌ನಿಂದ ಚೆಂಡನ್ನು ಎತ್ತುವ ಸ್ಯಾಂಡ್ ವೆಜ್‌ಗೆ ಸುಮಾರು 56 ಡಿಗ್ರಿ.

ಇದು ಕೇರಂ ಆಡಿದವರಿಗೆಲ್ಲ ಗೊತ್ತಿರುವ ವಿಷಯವೇ. ಸ್ಟ್ರೈಕರ್ ಪಾನಿನ ನಟ್ಟನಡುವೆ ಬಡಿದರೆ ಅದರ ವೇಗ ಹೆಚ್ಚುಕಡಿಮೆ ಪೂರ್ತಿ ಪಾನಿಗೆ ಹೋಗುತ್ತದೆ. ಅಂಚಿಗೆ ಸವರಿದರೆ ಪಾನು ಪಕ್ಕಕ್ಕೆ ಮೆಲ್ಲಗೆ ಸರಿಯುತ್ತದೆ. ಲಾಫ್ಟ್ ಕಡಿಮೆ ಇದ್ದಷ್ಟೂ ಏಟು ನೇರ, ಹೆಚ್ಚಿದಷ್ಟೂ ಸವರಿದ ಏಟು. ಸವರುವಾಗ ಕಳೆದುಹೋದ ವೇಗದ ಒಂದಂಶ ಚೆಂಡಿನ ಹಿಮ್ಮುಖ ತಿರುಗಾಟವಾಗುತ್ತದೆ. ಆಟಗಾರರು ಬ್ಯಾಕ್‌ಸ್ಪಿನ್ ಎನ್ನುವುದು ಇದನ್ನೇ.

ಅಂಕಿ ಬೇಕೆಂದರೆ, ರಾಡಾರ್ ಯಂತ್ರದಿಂದ ಹೊಡೆತ ಅಳೆಯುವ ಟ್ರ್ಯಾಕ್‌ಮ್ಯಾನ್ ಕಂಪನಿ ಅಮೆರಿಕದ ಪಿಜಿಎ ಟೂರ್ ಆಟಗಾರರ ಸರಾಸರಿಗಳನ್ನು ಪ್ರಕಟಿಸಿದೆ. ಬಹುಕಾಲ ಚಲಾವಣೆಯಲ್ಲಿರುವ ಆ ಪಟ್ಟಿಯ ಪ್ರಕಾರ, 3-ಐರನ್‌ನಲ್ಲಿ ಕ್ಲಬ್ ಗಂಟೆಗೆ 98 ಮೈಲಿ ವೇಗದಲ್ಲಿ ಬಂದರೆ ಚೆಂಡು 142 ಮೈಲಿ ವೇಗದಲ್ಲಿ ಹೊರಡುತ್ತದೆ. ಅಂದರೆ ಸುಮಾರು ಒಂದೂವರೆ ಪಟ್ಟು. ಪಿಚಿಂಗ್ ವೆಜ್‌ನಲ್ಲಿ ಕ್ಲಬ್ 83, ಚೆಂಡು 102. ಒಂದೂಕಾಲು ಪಟ್ಟಿಗಿಂತ ತುಸು ಕಡಿಮೆ. ತಿರುಗಾಟದಲ್ಲಿ ಮಾತ್ರ ಲೆಕ್ಕ ತಲೆಕೆಳಗು: 3-ಐರನ್ ಹೊಡೆತದಲ್ಲಿ ನಿಮಿಷಕ್ಕೆ ಸುಮಾರು 4,600 ಸುತ್ತು, ಪಿಚಿಂಗ್ ವೆಜ್‌ನಲ್ಲಿ ಸುಮಾರು 9,300. ನಡುವೆ ಇರುವ 7-ಐರನ್‌ಗೆ ಸುಮಾರು 7,100. ಐರನ್ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಹೆಚ್ಚುಕಡಿಮೆ ಸ್ಪಿನ್ ಸಿಗುತ್ತದೆ ಎಂದು ಕೋಚ್‌ಗಳು ಹೇಳುವ ಬಾಯಿಲೆಕ್ಕ ಹುಟ್ಟಿದ್ದು ಹೀಗೆ.

ಸಂಖ್ಯೆ ಒಂದೇ, ಕೋನ ಬೇರೆ

ಚಪ್ಪಲಿ ಅಂಗಡಿಯಲ್ಲಿ ಒಂದು ಕಂಪನಿಯ 8 ನಂಬರ್ ಸರಿಹೊಂದಿದರೆ ಇನ್ನೊಂದರ 8 ಬಿಗಿಯಾಗುತ್ತದೆಯಲ್ಲ? ಐರನ್‌ಗಳ ಸಂಖ್ಯೆಯೂ ಅಷ್ಟೇ. ಇಂತಿಷ್ಟು ಡಿಗ್ರಿ ಇದ್ದರೆ ಮಾತ್ರ ಅದು 7-ಐರನ್ ಎಂಬ ನಿಯಮ ಗಾಲ್ಫ್‌ನಲ್ಲಿ ಇಲ್ಲವೇ ಇಲ್ಲ. ಕ್ಲಬ್ ಹೇಗಿರಬೇಕೆಂದು ಪುಟಗಟ್ಟಲೆ ನಿಯಮ ಬರೆದಿರುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಈ ಸಂಖ್ಯೆಯನ್ನು ತಯಾರಕರಿಗೇ ಬಿಟ್ಟಿವೆ. ಸ್ಕಾಟ್ಲೆಂಡಿನಲ್ಲಿ ಮೊದಲು ಕ್ಲಬ್‌ಗಳಿಗೆ ಸಂಖ್ಯೆಯೇ ಇರಲಿಲ್ಲ, ಮ್ಯಾಶಿ, ನಿಬ್ಲಿಕ್ ಎಂಬ ಹೆಸರುಗಳಿದ್ದವು. ಉಕ್ಕಿನ ಶಾಫ್ಟ್ ಬಂದು, ಒಂದಕ್ಕೊಂದು ಹೊಂದುವ ಸೆಟ್‌ಗಳು ಮಾರಾಟವಾಗತೊಡಗಿದ ಮೇಲೆ ಸಂಖ್ಯೆಗಳು ನೆಲೆನಿಂತವು.

1980-90ರ ದಶಕದ ಸಾಮಾನ್ಯ 7-ಐರನ್‌ನ ಲಾಫ್ಟ್ ಸುಮಾರು 36 ಡಿಗ್ರಿ. ಇಂದು ನುರಿತ ಆಟಗಾರರಿಗಾಗಿ ಮಾಡುವ ಮಾದರಿಗಳಲ್ಲಿ ಸುಮಾರು 34. ಸಾಮಾನ್ಯ ಆಟಗಾರರಿಗಾಗಿ ಮಾಡುವ, ಜಾಹೀರಾತಿನಲ್ಲಿ ಹೆಚ್ಚು ಮಿಂಚುವ ಮಾದರಿಗಳಲ್ಲಿ 28ರಿಂದ 30. ಕೆಲವಂತೂ 28ಕ್ಕಿಂತಲೂ ಕೆಳಗಿವೆ. ಅದೇ ಹಳೆಯ ಸೆಟ್‌ನಲ್ಲಿ 28 ಡಿಗ್ರಿ ಇದ್ದದ್ದು ಯಾವುದಕ್ಕೆ? 5-ಐರನ್‌ಗೆ! ಒಂದು ಐರನ್‌ನಿಂದ ಮುಂದಿನದಕ್ಕೆ ಸುಮಾರು 4 ಡಿಗ್ರಿ, ಸುಮಾರು 10 ಗಜ ವ್ಯತ್ಯಾಸ ಎಂದು ಹಿಡಿದರೆ, ಎರಡು ಐರನ್‌ಗೆ 20 ಗಜ. ಸಂದೇಶದ ಪವಾಡದಲ್ಲಿ ಬಹುಪಾಲು ಇಲ್ಲೇ ಮುಗಿಯಿತು. ಶಾಫ್ಟ್ ಕೂಡ ಅರ್ಧ ಇಂಚಿನಷ್ಟು ಉದ್ದವಾಗಿರುವುದು ಸಾಮಾನ್ಯ, ಅದರಿಂದಲೂ ತುಸು ವೇಗ ಸಿಗುತ್ತದೆ.

ಹಾಗಾದರೆ ಇದು ಮೋಸವೇ? ಹಾಗೆ ಹೇಳಿದರೆ ನಮ್ಮಿಂದಲೇ ಅನ್ಯಾಯವಾದೀತು. ಹೊಸ ಕ್ಲಬ್‌ಗಳಲ್ಲಿ ತೂಕವನ್ನು ತಳಕ್ಕೂ ಹಿಂದಕ್ಕೂ ಸರಿಸಿದ್ದಾರೆ, ಮುಖವನ್ನು ತೆಳುವಾಗಿಸಿದ್ದಾರೆ. ಹಾಗಾಗಿ ಅದೇ ಕೋನದಲ್ಲೂ ಚೆಂಡು ಮೊದಲಿಗಿಂತ ಎತ್ತರಕ್ಕೆ ಹೊರಡುತ್ತದೆ, ಏಟು ನಡುವಿಗೆ ಬೀಳದಿದ್ದರೂ ಅಷ್ಟಾಗಿ ಸೊರಗುವುದಿಲ್ಲ. ಲಾಫ್ಟ್ ಇಳಿಸದಿದ್ದರೆ ಚೆಂಡು ತೀರಾ ಮೇಲೆ ಹೋಗುತ್ತದೆ, ಅದಕ್ಕೇ ಇಳಿಸಿದೆವು ಎಂಬುದು ತಯಾರಕರ ವಾದ. ಅದರಲ್ಲಿ ಹುರುಳಿದೆ. ಆದರೆ ಕ್ಲಬ್‌ನ ತಳದಲ್ಲಿ 5 ಎಂದು ಕೆತ್ತುವ ಬದಲು 7 ಎಂದು ಕೆತ್ತಿದ್ದು ಭೌತಶಾಸ್ತ್ರಕ್ಕಾಗಿ ಅಲ್ಲ, ಮಾರಾಟಕ್ಕಾಗಿ ಎಂಬುದು ನಮ್ಮ ಅಭಿಪ್ರಾಯ.

ಚೆಂಡು ನಿಲ್ಲುವುದು ಹೇಗೆ?

ಹೆಚ್ಚಿನವರು ಉತ್ತರಿಸುವುದು ಒಂದೇ ಮಾತು: ಸ್ಪಿನ್. ಅದು ಅರ್ಧ ಉತ್ತರ. ಇನ್ನರ್ಧ, ಚೆಂಡು ನೆಲಕ್ಕಿಳಿಯುವ ಕೋನ.

ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ನೀರಿಗೆ ಸವರುವಂತೆ ಎಸೆದರೆ ಅದು ಕುಪ್ಪಳಿಸುತ್ತ ಹೋಗುತ್ತದೆ. ಅದೇ ಕಲ್ಲನ್ನು ಮೇಲಕ್ಕೆಸೆದು ಬೀಳಿಸಿದರೆ ಬುಳುಕ್ಕೆಂದು ಅಲ್ಲೇ ಮುಳುಗುತ್ತದೆ. ಗ್ರೀನ್ ಮೇಲೂ ಹೀಗೆಯೇ. ಓರೆಯಾಗಿ ಇಳಿಯುವ ಚೆಂಡಿನ ವೇಗದ ಬಹುಪಾಲು ಮುಂದಕ್ಕೇ ಇರುತ್ತದೆ, ಅದು ಓಡುತ್ತದೆ. ಕಡಿದಾಗಿ ಇಳಿಯುವ ಚೆಂಡು ನೆಲಕ್ಕೆ ಗುದ್ದುತ್ತದೆ, ಅದಕ್ಕೆ ಮುಂದೆ ಓಡಲು ಉಳಿದಿರುವ ವೇಗವೇ ಕಡಿಮೆ. ಗ್ರೀನ್ ಮೇಲೆ ಚೆಂಡು ನಿಲ್ಲಬೇಕಾದರೆ ಇಳಿಯುವ ಕೋನ ಕನಿಷ್ಠ 45 ಡಿಗ್ರಿಯ ಹತ್ತಿರ ಇರಬೇಕು ಎಂಬುದು ಕ್ಲಬ್ ಹೊಂದಿಸಿಕೊಡುವವರು ಬಳಸುವ ಸಾಮಾನ್ಯ ಅಳತೆ. ಮೇಲೆ ಹೇಳಿದ ಪಟ್ಟಿಯಲ್ಲಿ 3-ಐರನ್ ಇಳಿಯುವುದು 46 ಡಿಗ್ರಿಗೆ, 7-ಐರನ್ 50ಕ್ಕೆ, ಪಿಚಿಂಗ್ ವೆಜ್ 52ಕ್ಕೆ. ಡ್ರೈವರ್ 38ಕ್ಕೆ, ಅದಕ್ಕೇ ಆ ಚೆಂಡು ಫೇರ್‌ವೇಯಲ್ಲಿ ಅಷ್ಟು ಉರುಳುವುದು.

ಸ್ಪಿನ್ ಇಲ್ಲಿ ಎರಡು ಸಲ ಕೆಲಸ ಮಾಡುತ್ತದೆ. ಗಾಳಿಯಲ್ಲಿ, ಹಿಂದಕ್ಕೆ ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲಕ್ಕೇರುತ್ತದೆ. ಮ್ಯಾಗ್ನಸ್ ಪರಿಣಾಮ ಎಂದು ಶಾಲಾ ಪುಸ್ತಕಗಳಲ್ಲಿ ಬರುವುದು ಇದೇ. ಗಾಲ್ಫ್ ಚೆಂಡಿನ ಹಾರಾಟಕ್ಕೆ ಈ ತಿರುಗಾಟ ಎಷ್ಟು ಮುಖ್ಯ ಎಂಬುದನ್ನು 1890ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದವರು ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಗಥ್ರಿ ಟೇಟ್. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್. ಲೆಕ್ಕ ಅಪ್ಪನದು, ಹೊಡೆತ ಮಗನದು! ಇನ್ನು ನೆಲಕ್ಕೆ ಬಿದ್ದ ಕ್ಷಣದಲ್ಲಿ ಅದೇ ತಿರುಗಾಟ ಹುಲ್ಲನ್ನು ಹಿಡಿದು ಬ್ರೇಕ್ ಹಾಕುತ್ತದೆ.

ಸರಿ, ಲಾಫ್ಟ್ ಇಳಿಸಿದರೆ ಏನಾಯಿತು? ಚೆಂಡಿನ ವೇಗ ಏರಿತು, ಸ್ಪಿನ್ ಇಳಿಯಿತು. ವೇಗವಾಗಿ ಕ್ಲಬ್ ಬೀಸುವ ವೃತ್ತಿಪರನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆತನ ಚೆಂಡು ಹೇಗೂ 30 ಗಜದಷ್ಟು ಎತ್ತರಕ್ಕೆ ಹೋಗುತ್ತದೆ, ಎತ್ತರದಿಂದ ಬೀಳುವಾಗ ಕಡಿದಾಗಿಯೇ ಬೀಳುತ್ತದೆ. ತೊಂದರೆ ನಿಧಾನವಾಗಿ ಬೀಸುವವರಿಗೆ: ಹಿರಿಯರು, ಹೊಸಬರು, ಮಕ್ಕಳು. ಅವರ ಚೆಂಡಿಗೆ ಎತ್ತರ ಕೊಡಲು ವೇಗವಿಲ್ಲ, ಲಾಫ್ಟ್ ಕೊಡಬೇಕಾಗಿದ್ದ ಎತ್ತರವೂ ಕೈತಪ್ಪಿತು. ಚೆಂಡು ಗ್ರೀನ್‌ಗೆ ತಲುಪುತ್ತದೆ, ಹಾಗೆಯೇ ಹಿಂದಿನ ಬಂಕರ್‌ಗೂ ತಲುಪುತ್ತದೆ. ಈ ಕ್ಲಬ್‌ಗಳ ಜಾಹೀರಾತು ಹೆಚ್ಚಾಗಿ ಕರೆಯುವುದು ಇವರನ್ನೇ ಎಂಬುದು ವಿಚಿತ್ರ.

ಮಹಿಳಾ ವೃತ್ತಿಪರರ ಎಲ್‌ಪಿಜಿಎ ಟೂರ್ ಅಂಕಿಗಳು ಇದಕ್ಕೆ ಒಳ್ಳೆಯ ಪಾಠ. ಅಲ್ಲಿ 7-ಐರನ್‌ನ ಸರಾಸರಿ ವೇಗ ಗಂಟೆಗೆ 76 ಮೈಲಿ, ಪುರುಷರದು 90. ಆದರೂ ಚೆಂಡು 47 ಡಿಗ್ರಿಗೆ ಇಳಿಯುತ್ತದೆ. ಕಾರಣ, ಪುರುಷರ ಚೆಂಡು ಸುಮಾರು 16 ಡಿಗ್ರಿಗೆ ಹೊರಟರೆ ಇವರದು 19 ಡಿಗ್ರಿಗೆ ಹೊರಡುತ್ತದೆ. ವೇಗ ಇಲ್ಲದಿದ್ದರೆ ಕೋನವನ್ನು ಹೆಚ್ಚಿಸಿಕೊಳ್ಳಬೇಕು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಆಡುವಾಗ, ಅದುವರೆಗೆ ಗಾಲ್ಫ್ ನೋಡದ ಮನೆಗಳಲ್ಲೂ ಬೆಳಿಗ್ಗೆ ಟಿವಿ ಹಾಕಿದ್ದರು, ನೆನಪಿದೆಯಲ್ಲ? ದೂರ ಹೊಡೆಯುವವರಲ್ಲಿ ಅವರ ಹೆಸರಿಲ್ಲ. ಉಳಿದವರು ಐರನ್ ಹಿಡಿಯುವ ದೂರದಿಂದ ಅವರು ಹಲವು ಬಾರಿ ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಹಿಡಿಯುತ್ತಾರೆ. ತೂಕ ತಳದಲ್ಲೂ ಹಿಂದಕ್ಕೂ ಇರುವ ಈ ಕ್ಲಬ್‌ಗಳಿಂದ, ಅಷ್ಟೇ ಲಾಫ್ಟ್‌ನ ಉದ್ದ ಐರನ್‌ಗಿಂತ ಚೆಂಡು ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯುತ್ತದೆ. ಅವರು ನಾಲ್ಕನೇ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

"ಗೆರೆಗಳೇ ಸ್ಪಿನ್ ಕೊಡುತ್ತವೆ" ಎಂಬುದು ನಿಜವೇ?

ಭಾಗಶಃ ಮಾತ್ರ. ಚೆಂಡೂ ಮುಖವೂ ಒಣಗಿ ಸ್ವಚ್ಛವಾಗಿದ್ದರೆ ಗೆರೆಗಳ ಪಾತ್ರ ಚಿಕ್ಕದು. ಲಾಫ್ಟ್, ವೇಗ, ಚೆಂಡಿನ ಹೊದಿಕೆ ಇವೇ ಮುಖ್ಯ. ಮೆತ್ತನೆಯ ಯುರೇಥೇನ್ ಹೊದಿಕೆಯ ಚೆಂಡು, ಅಗ್ಗದ ಗಡಸು ಚೆಂಡಿಗಿಂತ ವೆಜ್ ಹೊಡೆತಗಳಲ್ಲಿ ಚೆನ್ನಾಗಿ ತಿರುಗುತ್ತದೆ. ಗೆರೆಗಳಿಗೆ ಕೆಲಸ ಬರುವುದು ನಡುವೆ ನೀರು ಅಥವಾ ಹುಲ್ಲು ಸಿಕ್ಕಿಕೊಂಡಾಗ. ಮಳೆಯಲ್ಲಿ ಟೈರಿನ ಗೆರೆಗಳು ನೀರನ್ನು ಹೊರಹಾಕುವಂತೆ ಇವೂ ಹೊರಹಾಕುತ್ತವೆ. ರಫ್‌ನಲ್ಲಿ ಹುಲ್ಲು ನಡುವೆ ಬಂದರೆ ಸ್ಪಿನ್ ಕುಸಿಯುತ್ತದೆ, ಚೆಂಡು ಅಂದಾಜಿಗಿಂತ ದೂರ ಹಾರಿ ನಿಲ್ಲದೆ ಓಡುತ್ತದೆ. ಆಟಗಾರರು ಇದನ್ನು ಫ್ಲೈಯರ್ ಎನ್ನುತ್ತಾರೆ. ಚೂಪಾದ ಗೆರೆಗಳಿಂದ ರಫ್‌ನ ಶಿಕ್ಷೆಯೇ ಇಲ್ಲವಾಯಿತೆಂದು, 25 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚು ಲಾಫ್ಟ್ ಇರುವ ಕ್ಲಬ್‌ಗಳ ಗೆರೆಗಳ ಗಾತ್ರಕ್ಕೂ ಅಂಚಿಗೂ 2010ರ ಜನವರಿ 1ರಿಂದ ಹೊಸ ಮಿತಿ ಬಂತು.

ಲಾಫ್ಟ್ ಏರಿಸುತ್ತಲೇ ಹೋದರೆ ಸ್ಪಿನ್ ಏರುತ್ತಲೇ ಹೋಗುವುದೂ ಇಲ್ಲ. ಒಂದು ಹಂತದ ನಂತರ ಚೆಂಡು ಮುಖವನ್ನು ಕಚ್ಚುವ ಬದಲು ಜಾರತೊಡಗುತ್ತದೆ.

"ಚೆಂಡು ಮೇಲೇಳಲು ಕೆಳಗಿನಿಂದ ಎತ್ತಿ ಹೊಡೆಯಬೇಕು"

ಇದು ಪೂರ್ತಿ ತಪ್ಪು. ಈ ಲೇಖನಕ್ಕಾಗಿ ಡ್ರೈವಿಂಗ್ ರೇಂಜ್‌ಗೆ ಹೋದಾಗ ನಾವೂ ಇದನ್ನೇ ಮಾಡಿ ಅರ್ಧ ಬುಟ್ಟಿ ಚೆಂಡನ್ನು ನೆಲದ ಮೇಲೆ ಉರುಳಿಸಿದೆವು. ಟೂರ್ ಆಟಗಾರರ 7-ಐರನ್ ಚೆಂಡಿಗೆ ತಗಲುವಾಗ ಸುಮಾರು 4 ಡಿಗ್ರಿ ಕೆಳಮುಖವಾಗಿ ಚಲಿಸುತ್ತಿರುತ್ತದೆ, ಕೈಗಳು ಚೆಂಡಿಗಿಂತ ಮುಂದಿರುತ್ತವೆ. ಶಾಫ್ಟ್ ಮುಂದಕ್ಕೆ ವಾಲಿದ್ದರಿಂದ ಲಾಫ್ಟ್ ಕಡಿಮೆಯಾಗುತ್ತದೆ. 34 ಡಿಗ್ರಿಯ ಕ್ಲಬ್‌ನಿಂದಲೂ ಚೆಂಡು 16 ಡಿಗ್ರಿಗೆ ಹೊರಡುವ ಗುಟ್ಟು ಇದೇ. ಚೆಂಡು ಮುಖಕ್ಕೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಕೈಯಿಂದ ಎತ್ತಲು ಯಾರಿಗೂ ಆಗದು. ಎತ್ತುವುದು ಲಾಫ್ಟ್‌ನ ಕೆಲಸ.

ಬೆಂಗಳೂರಿನಲ್ಲಿ ಚೆಂಡು ದೂರ ಹೋಗುತ್ತದೆ

ಇದು ನಿಜ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನ ಗಾಳಿ ತೆಳು. ಹಾಗಾಗಿ ಚೆನ್ನೈನಲ್ಲಿ 150 ಗಜ ಹೋಗುವ ಹೊಡೆತ ಇಲ್ಲಿ ಸುಮಾರು ಶೇ 3ರಷ್ಟು, ಅಂದರೆ ನಾಲ್ಕೈದು ಗಜ ಹೆಚ್ಚು ಹೋಗಬಹುದು. ಚೆನ್ನೈನ ಬಿಸಿಗಾಳಿಯೂ ತುಸು ತೆಳುವೇ ಆದ್ದರಿಂದ ಬೇಸಿಗೆಯಲ್ಲಿ ವ್ಯತ್ಯಾಸ ಇನ್ನೂ ಕಿರಿದಾಗುತ್ತದೆ. ತೆಳು ಗಾಳಿಯಲ್ಲಿ ಸ್ಪಿನ್‌ನ ಎತ್ತುವ ಬಲವೂ ಕಡಿಮೆ ಎಂಬುದನ್ನು ಮರೆಯಬೇಡಿ. ದೂರದ ವಿಡಿಯೊ ನೋಡುವಾಗ ಅದನ್ನು ಎಲ್ಲಿ ಚಿತ್ರೀಕರಿಸಿದ್ದಾರೆ ಎಂದೂ ಕೇಳಿ.

ಕೊಳ್ಳುವ ಮುನ್ನ

ನಮ್ಮ ಓದುಗರಿಗೆ ನಾವು ಹೇಳಿದ್ದು ಇಷ್ಟು. ಅಂಗಡಿಯಲ್ಲಿ ಹೊಸ 7-ಐರನ್ ಅನ್ನು ನಿಮ್ಮ ಹಳೆಯ 7-ಐರನ್ ಜೊತೆ ಹೋಲಿಸಬೇಡಿ. ಕಂಪನಿಯ ಜಾಲತಾಣದಲ್ಲಿ ಲಾಫ್ಟ್ ಪಟ್ಟಿ ಇರುತ್ತದೆ, ಅದನ್ನು ನೋಡಿ ಅಷ್ಟೇ ಡಿಗ್ರಿಯ ನಿಮ್ಮ ಹಳೆಯ ಕ್ಲಬ್ ಜೊತೆ ಹೋಲಿಸಿ. ಪರದೆಯ ಮೇಲೆ ಚೆಂಡು ಹಾರಿದ ದೂರದ ಜೊತೆಗೆ ಇಳಿಯುವ ಕೋನವನ್ನೂ ತೋರಿಸಲು ಹೇಳಿ. ಪಿಚಿಂಗ್ ವೆಜ್‌ನ ಲಾಫ್ಟ್ ಕೇಳಿ. ಅದು 43 ಡಿಗ್ರಿ ಇದ್ದು ನಿಮ್ಮ ಸ್ಯಾಂಡ್ ವೆಜ್ 56 ಇದ್ದರೆ, ನಡುವಿನ 13 ಡಿಗ್ರಿ ತುಂಬಲು ಇನ್ನೊಂದು, ಬಹುಶಃ ಎರಡು ವೆಜ್ ಕೊಳ್ಳಬೇಕಾಗುತ್ತದೆ. ಆ ಖರ್ಚು ಸೆಟ್‌ನ ಬೆಲೆಯಲ್ಲಿ ಸೇರಿರುವುದಿಲ್ಲ, ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇಡುವಂತೆಯೂ ಇಲ್ಲ.

ಹಳೆಯ ಸೆಟ್ಟನ್ನೇ ಬಗ್ಗಿಸಿ ಲಾಫ್ಟ್ ಇಳಿಸಿಕೊಳ್ಳುತ್ತೇನೆ ಎನ್ನುವವರಿಗೂ ಒಂದು ಮಾತು. ಒಂದು ಡಿಗ್ರಿ ಲಾಫ್ಟ್ ಇಳಿಸಿದರೆ ತಳದ ಬೌನ್ಸ್ ಕೋನವೂ ಒಂದು ಡಿಗ್ರಿ ಇಳಿದು, ಅಂಚು ಮಣ್ಣಿಗೆ ಕಚ್ಚಿಕೊಳ್ಳುವುದು ಹೆಚ್ಚುತ್ತದೆ. ಬಡಿದು ಮಾಡಿದ ಕ್ಲಬ್ ಬಗ್ಗುತ್ತದೆ, ಅಚ್ಚಿನಲ್ಲಿ ಎರಕ ಹೊಯ್ದದ್ದು ಮುರಿಯಲೂಬಹುದು.

ಓದುಗರು ಹೋಲಿಸಿ ನೋಡಿದರು. ಅವರ ಹಳೆಯ 5-ಐರನ್‌ಗೂ ಹೊಸ 7ಕ್ಕೂ ನಡುವೆ ಸಿಕ್ಕ ವ್ಯತ್ಯಾಸ ಕೆಲವೇ ಗಜ. ಹೊಸದರಲ್ಲಿ ಚೆಂಡು ಸಲೀಸಾಗಿ ಮೇಲೇರುತ್ತಿತ್ತು ಎಂಬುದನ್ನೂ ಅವರೇ ಒಪ್ಪಿದರು. ಕೊನೆಗೆ ಸೆಟ್ ಬಿಟ್ಟು, ಉದ್ದ ಐರನ್‌ಗಳ ಜಾಗಕ್ಕೆ ಎರಡು ಹೈಬ್ರಿಡ್ ತಂದಿದ್ದಾರಂತೆ.